ಸ್ಕಿಪ್ಪರ್ ಕಟ್ಟಿದ ಗಂಟು

ವಾಲಿಬಾಲ್ ಕಂಬ ಉರುಳಿ ಬಿದ್ದಿತ್ತು. ಅದರಡಿ ಕ್ಯಾತಪ್ಪನ ಬಲಗೈ ಸಿಕ್ಕಿಕೊಂಡಿತ್ತು.

ಕೊಡಿಗೇನಹಳ್ಳಿಗೂ ಐ.ಡಿ.ಹಳ್ಳಿಗೂ ಫೈನಲ್. ಪಿ.ಟಿ. ಮೇಷ್ಟ್ರಾದ ನಾನೇ ರೆಫರಿ. ನೆಟ್ ಸುತ್ತಿಡಲು ಉಳಿದ ಒಬ್ಬನನ್ನು ಬಿಟ್ಟು ಎಲ್ಲರೂ ಕ್ಯಾತಪ್ಪನನ್ನು ಎತ್ತಿಕೊಂಡು ಮಧುಗಿರಿ ಬಸ್ಸಿಗೆ ಓಡಿದೆವು. ಬಸ್ಸು ಹೊರಟ ಮೇಲೆ ಮೈದಾನಕ್ಕೆ ಬಂದರೆ ಕಂಬವನ್ನು ಎಳೆದು ಕಟ್ಟಿದ್ದ ಹಗ್ಗ ಎರಡು ತುಂಡಾಗಿತ್ತು. ಉದ್ದದ ತುಂಡು ಕಂಬದಲ್ಲಿ, ಮೊಳದುದ್ದದ್ದು ನೆಲದ ಗೂಟದಲ್ಲಿ. ಪಕ್ಕದಲ್ಲೇ ಒಂದು ಕುಡುಗೋಲು. ಐ.ಡಿ.ಹಳ್ಳಿ ನಾಯಕ ಬೋರಪ್ಪ ಮೇಕೆಗೆ ಸೊಪ್ಪು ಕೊಯ್ಯುವ ಕುಡುಗೋಲು.

“ಯಾರ ಮೇಲೆ ಅನುಮಾನ ಮೇಷ್ಟ್ರೇ?” ಹೆಡ್ ಕಾನ್‌ಸ್ಟೇಬಲ್ ಅಡವಯ್ಯ ಕೇಳಿದರು.

“ಇನ್ಯಾರು? ಬೋರಪ್ಪ. ನಿನ್ನೆ ತಾನೇ ಕೊಡಿಗೇನಹಳ್ಳಿಯವರ ಜೊತೆ ಜಗಳವಾಡಿದ್ದ. ಆಟಕ್ಕೆ ಮೊದಲೇ ಅರ್ಧ ಕೊಯ್ದಿಟ್ಟಿರ್ತಾನೆ.”

ಹಿಂದೆಮುಂದೆ ನೋಡದೆ ಹೇಳಿಬಿಟ್ಟೆ. ಬೋರಪ್ಪ ಪೊಲೀಸ್ ಕೆಲಸಕ್ಕೆ ಆಯ್ಕೆಯಾಗಿದ್ದ. ಕೇಸು ಬಿದ್ದರೆ ಆ ಕೆಲಸ ಕೈತಪ್ಪುತ್ತಿತ್ತು. ಆ ರಾತ್ರಿಯೇ ಅವನನ್ನು ಠಾಣೆಗೆ ಕರೆದೊಯ್ದರು.

*

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೊರಟೆ. “ರೈಟ್, ಸ್ಕಿಪ್ಪರ್!” ಎಂದು ಕಂಡಕ್ಟರ್ ಡ್ರೈವರಿಗೆ ಕೂಗಿದ. ಆ ವರ್ಷ ಕ್ರಿಕೆಟ್ ವಿಶ್ವಕಪ್ ಬಂದದ್ದೇ ಬಂದದ್ದು, ಡ್ರೈವರ್, ಹೋಟೆಲ್ ಯಜಮಾನ, ಪಂಚಾಯ್ತಿ ಚೇರ್ಮನ್ ಎಲ್ಲರೂ ಸ್ಕಿಪ್ಪರ್ ಆಗಿದ್ದರು. ಕ್ಯಾತಪ್ಪನಿಗೆ ಮಾತ್ರ ಸ್ಕಿಪ್ಪರ್ ಒಬ್ಬನೇ, ತನ್ನ ಕೊಡಿಗೇನಹಳ್ಳಿ ತಂಡದ ನಾಯಕ ದೊಡ್ಡರಂಗಪ್ಪ.

“ಹಗ್ಗ ಕೊಯ್ದೇ ಇರ್ಬೇಕು ಸಾ,” ಅಂದ ಆಸ್ಪತ್ರೆ ಹಾಸಿಗೆಯಲ್ಲಿದ್ದ ಕ್ಯಾತಪ್ಪ. “ನಮ್ ಸ್ಕಿಪ್ಪರ್ ಗೂಟದ ಗಂಟು ಯಾರ್ಗೂ ಮುಟ್ಟಾಕ್ ಬುಡಲ್ಲ. ಜಗ್ಗಿದಷ್ಟೂ ಬಿಗಿಯಾಯ್ತದೆ.”

“ನಿನ್ನ ಜೊತೆ ಬಂದೋರು ಯಾರು?”

“ಬೋರಪ್ಪಣ್ಣ. ಮಧುಗಿರಿವರ್ಗೂ ನನ್ ಕೈ ಅವ್ನ ತೊಡೆ ಮ್ಯಾಲೇ ಇತ್ತು ಸಾ.”

ನನಗೆ ನಾಚಿಕೆಯಾಯಿತು. ಆ ಗಂಟನ್ನು ನೋಡಲು ಸೀದಾ ಮೈದಾನಕ್ಕೆ ಬಂದೆ.

*

ಅಡವಯ್ಯನವರನ್ನೂ ದೊಡ್ಡರಂಗಪ್ಪನನ್ನೂ ಗೂಟದ ಹತ್ತಿರ ಕರೆಸಿದೆ. ಗಂಟನ್ನು ಒಂದೇ ಬೆರಳಲ್ಲಿ ಎಳೆದೆ. ಬಿಚ್ಚಿಕೊಂಡಿತು.

“ನೋಡಿ ಅಡವಯ್ಯನವರೇ. ಎರಡು ಗೇಮ್ ಪೂರ್ತಿ ಕಂಬದ ಭಾರ ಹೊತ್ತ ಗಂಟು ಕಲ್ಲಾಗಿರಬೇಕಿತ್ತು. ಇದು ಒಂದು ಸಲವೂ ಜಗ್ಗಿಸಿಕೊಂಡಿಲ್ಲ. ಅಂದರೆ ಕಂಬ ಬಿದ್ದ ಮೇಲೆ ಯಾರೋ ತುಂಡು ಕೊಯ್ದು ಇಲ್ಲಿ ಕಟ್ಟಿದ್ದಾರೆ. ಆಗ ಬೋರಪ್ಪ ಬಸ್ಸಲ್ಲಿದ್ದ.”

“ಮತ್ತೆ ಇಲ್ಲಿದ್ದೋರು ಯಾರು?”

ನೆಟ್ ಸುತ್ತಿಡುತ್ತೇನೆಂದು ಉಳಿದವನು ದೊಡ್ಡರಂಗಪ್ಪ ಒಬ್ಬನೇ.

“ಕೆಡವ್ಬೇಕು ಅಂತ ಮಾಡ್ಲಿಲ್ಲ ಸಾ. ಯಾವಾಗ್ಲೂ ಗೂಟಕ್ಕೆ ನಾಕು ಸುತ್ತು ಹಾಕ್ತಿದ್ದೆ. ನೀವು ಟಾಸಿಗೆ ಸೀಟಿ ಊದಿದ್ರಿ. ಒಂದೇ ಸುತ್ತು ಹಾಕಿ ಓಡ್ಬಂದ್ಬುಟ್ಟೆ. ಅದು ಜಾರೋಯ್ತು. ಕ್ಯಾತಪ್ಪನ ಕೈ ನನ್ನಿಂದ ಮುರೀತು ಅಂತ ಹೆಂಗ್ ಹೇಳ್ಲಿ? ಕುಡುಗೋಲು ಮರದ ಕೆಳಗಿತ್ತು...”

“ಇನ್ನೊಬ್ಬನ ಅನ್ನಕ್ಕೆ ಕಲ್ಲು ಹಾಕಿದ್ಯಲ್ಲೋ!” ಅಡವಯ್ಯ ಗದರಿದರು.

ಸೀಟಿಗೆ ಮೊದಲು ನಾಲ್ಕೂ ಗೂಟ ಜಗ್ಗಿ ನೋಡುವುದು ರೆಫರಿಯ ಕೆಲಸ. ನಾನು ನೋಡಿರಲಿಲ್ಲ. ಕೊನೆಗೆ ಅದನ್ನೂ ಹೇಳಿದೆ, ಅಡವಯ್ಯ ಬರೆದುಕೊಂಡರು.

*

ಬೋರಪ್ಪನನ್ನು ಠಾಣೆಯಿಂದ ಬಿಟ್ಟರು. ಕೇಸು ಅವನ ಮೇಲೆ ಬೀಳಲಿಲ್ಲ. ಕ್ಷಮೆ ಕೇಳಿದೆ. “ನೀವಾದ್ರೂ ಒಂದ್ ಮಾತು ನನ್ನ ಕೇಳ್ಬೋದಿತ್ತು ಮೇಷ್ಟ್ರೇ,” ಎಂದಷ್ಟೇ ಹೇಳಿ ಹೊರಟ.

ಅಡವಯ್ಯನವರನ್ನು ಒಪ್ಪಿಸಿ ದೊಡ್ಡರಂಗಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವನು ಅಳುತ್ತಲೇ ಎಲ್ಲ ಹೇಳಿದ.

“ಬೋರಪ್ಪಣ್ಣನ್ನ ಬುಟ್ರಾ?” ಎಂದು ಕ್ಯಾತಪ್ಪ ಕೇಳಿದ.

“ಬುಟ್ರು ಕಣ್ಲಾ,” ಅಂದ ದೊಡ್ಡರಂಗಪ್ಪ.

“ಸರಿ. ನೀನು ಮನೇಗೋಗು, ರಂಗಪ್ಪಣ್ಣ.”

ಅವನ ಬಾಯಲ್ಲಿ ಆ ಹೆಸರು ನಾನು ಕೇಳಿದ್ದು ಅದೇ ಮೊದಲು.