ತಂಬೂರಿ ಸುಮ್ಮನಾದ ಮೇಲೆ

ಬಾಗಿಲು ತೆರೆದ ಹಂಸಾ ಹಾಗೇ ನಿಂತುಬಿಟ್ಟಳು.

"ನೀವಾ...?"

ಅಮೆರಿಕದ ಕೆಂಡಲ್ ಪಾರ್ಕ್ ಎಂಬ ಊರಿನಲ್ಲಿ ಆ ಶನಿವಾರದ ಮಧ್ಯಾಹ್ನ ಮಳೆಯೂ ಅಲ್ಲದ, ಹಿಮವೂ ಅಲ್ಲದ ಏನೋ ಒಂದು ಸುರಿಯುತ್ತಿತ್ತು. ಅದರಲ್ಲಿ ನೆನೆಯುತ್ತ, ಲ್ಯಾಪ್‌ಟಾಪ್ ಬ್ಯಾಗನ್ನು ಜಾಕೆಟ್ಟಿನೊಳಗೆ ಬಚ್ಚಿಟ್ಟುಕೊಂಡು ನಿಂತಿದ್ದವನು ಶಿವಪ್ರಕಾಶ್. ಎರಡು ವರ್ಷದ ಹಿಂದೆ ಇದೇ ಬಾಗಿಲಲ್ಲಿ "ಇನ್ನು ಈ ಕಡೆ ತಲೆ ಹಾಕಬೇಡ" ಎಂದು ಅವಳೇ ಕಳಿಸಿಬಿಟ್ಟಿದ್ದ ಶಿವು!

"ಯಾರೋ ಫ್ರೆಂಡ್‌ಗೆ ಕಂಪ್ಯೂಟರಲ್ಲಿ ಒಳ್ಳೇ ಮ್ಯೂಸಿಕ್ ಪ್ಲೇಯರ್ ಆ್ಯಪ್ ಬೇಕಂತೆ, ಹೋಗಿ ಹಾಕ್ಕೊಡು ಅಂತ ಧೃತಿ ಹೇಳಿದ್ಲು. ಅಡ್ರೆಸ್ ಕಳಿಸಿದ್ದು ನಾನು ಕ್ರ್ಯಾನ್‌ಬರಿಯಿಂದ ಹೊರಟ ಮೇಲೆ..." ಅವನು ನೆಲ ನೋಡುತ್ತ ಹೇಳಿದ. "ನೋಡಿದ ತಕ್ಷಣ ವಾಪಸ್ ಹೋಗೋಣ ಅಂದ್ಕೊಂಡೆ. ರೂಟ್ ಒನ್‌ನಲ್ಲಿ ಯೂ-ಟರ್ನ್ ಸಿಗ್ಲಿಲ್ಲ."

ಎರಡು ವರ್ಷ ಮಾತಾಡದವನು ಬಂದವನೇ ಹೇಳಿದ ನೆಪ ನೋಡಿ! ಅಲ್ಲ, ಇಬ್ಬರಿಗೂ ಗೆಳತಿಯಾದ ಆ ಧೃತಿಗಾದರೂ ಬುದ್ಧಿ ಬೇಡವೇ? "ಈ ವಿಷಯ ಚೆನ್ನಾಗಿ ಗೊತ್ತಿರೋ ಒಬ್ಬರನ್ನ ಕಳಿಸ್ತೀನಿ ಕಣೇ" ಎಂದಿದ್ದಳೇ ಹೊರತು, ಯಾರನ್ನು ಎಂದು ಬಾಯಿ ಬಿಟ್ಟಿರಲಿಲ್ಲ.

'ಬಾಗಿಲು ಹಾಕಿಬಿಡಲೇ?' ಎಂದುಕೊಂಡಳು ಹಂಸಾ. ಮರುಕ್ಷಣವೇ ಒಳಗೊಮ್ಮೆ ತಿರುಗಿ ನೋಡಿದಳು. 'ಹಾಕಿದರೆ ಮತ್ತೆ ನಾನೊಬ್ಬಳೇ... ಈ ಮನೆ, ಆ ದನಿ...'

"ಒಳಗೆ ಬನ್ನಿ" ಎಂದಳು.

ಬನ್ನಿ! ಒಂದು ಕಾಲದಲ್ಲಿ "ಲೋ ಶಿವು" ಎನ್ನುತ್ತಿದ್ದ ಬಾಯಲ್ಲಿ ಬಹುವಚನ. ಅದು ಅವನಿಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಅವನು ಸದ್ದಿಲ್ಲದೆ ಶೂ ಬಿಚ್ಚಿಟ್ಟು ಒಳಗೆ ಬಂದ.

ಆ ದನಿಯ ವಿಷಯ ಹಂಸಾ ಯಾರಿಗೂ ಹೇಳಿರಲಿಲ್ಲ, ಧೃತಿಗೂ. ಹೇಳಿದರೆ ಏನೆನ್ನುತ್ತಾರೆ? "ಪಾಪ, ಒಬ್ಬಳೇ ಇದ್ದೂ ಇದ್ದೂ ತಲೆ ಕೆಟ್ಟಿದೆ" ಅಂತಾರೆ, ಅಷ್ಟೇ.

ಅವಳ ಅಮ್ಮ ಅನಸೂಯ ಈ ಮನೆಯ ಬೇಸ್‌ಮೆಂಟಿನಲ್ಲಿ ಹದಿನೈದು ವರ್ಷ ಸಂಗೀತ ಪಾಠ ಹೇಳಿದವರು. ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಕ್ಕಳ ಬಾಯಲ್ಲೂ ಸರಳೆ ವರಸೆ ಹಾಡಿಸಿದ ಗಟ್ಟಿಗಿತ್ತಿ. ಅವರದೊಂದು ಕಟ್ಟಾಜ್ಞೆಯಿತ್ತು. ಹಾಡು ಮುಗಿದ ಮೇಲೆ ತಂಬೂರಿಯ ತಂತಿ ತಾನಾಗಿ ಪೂರ್ತಿ ಸುಮ್ಮನಾಗಬೇಕು. ಅಲ್ಲಿಯವರೆಗೆ ಯಾರೂ ತುಟಿ ಪಿಟಕ್ಕೆನ್ನಬಾರದು. ಹಸಿವಾಗಿದೆ ಎಂದರೂ ಇಲ್ಲ, ಫೋನ್ ಬಂದರೂ ಇಲ್ಲ.

ಎರಡು ವರ್ಷದ ಹಿಂದೆ ಅಮ್ಮ ಹೋದಾಗ ಹಂಸಾ ಇಲ್ಲಿರಲಿಲ್ಲ. ಅಪ್ಪನ ಗ್ರೀನ್ ಕಾರ್ಡ್ ಬರುವಷ್ಟರಲ್ಲಿ ಅವಳಿಗೆ ಇಪ್ಪತ್ತೊಂದು ತುಂಬಿ, ಅಪ್ಪನ ಜೊತೆ ಕಾರ್ಡ್ ಪಡೆಯುವ ವಯಸ್ಸು ದಾಟಿಹೋಗಿತ್ತು. ಹೀಗಾಗಿ ಅಪ್ಪ ತೀರಿದ ಮೇಲೆ ಅಮ್ಮನ ಕೈಯಲ್ಲಿ ಕಾರ್ಡ್, ಮಗಳ ಕೈಯಲ್ಲಿ ವೀಸಾ. ಪಾಸ್‌ಪೋರ್ಟಿನಲ್ಲಿ ಅದರ ಮುದ್ರೆ ಹಾಕಿಸಲೆಂದು ಭಾರತಕ್ಕೆ ಹೋದವಳನ್ನು ಚೆನ್ನೈನಲ್ಲಿ ಒಂಬತ್ತು ವಾರ ಕೂರಿಸಿದರು. ಪಾಸ್‌ಪೋರ್ಟ್ ಕಾನ್ಸುಲೇಟಿನೊಳಗೆ, ಅವಳು ಹೊರಗೆ. ಅಷ್ಟರಲ್ಲಿ ಇಲ್ಲಿ ಅಮ್ಮನ ಹೃದಯ ದಿನದಿನಕ್ಕೆ ಸೋಲುತ್ತಿತ್ತು. ಫೋನಿನಲ್ಲಿ ಅಮ್ಮ ಎರಡೇ ಮಾತಾಡಿ ಇಟ್ಟುಬಿಡುತ್ತಿದ್ದರು, ಏನೂ ಬಿಟ್ಟುಕೊಡುತ್ತಿರಲಿಲ್ಲ. ಶಿವುಗೆ ಎಲ್ಲ ಗೊತ್ತಿತ್ತು. ಹಾಡು ರೆಕಾರ್ಡ್ ಮಾಡಲು ಪ್ರತಿ ಭಾನುವಾರ ಬರುತ್ತಿದ್ದವನು, ಆಸ್ಪತ್ರೆಗೆ ಕರೆದೊಯ್ಯುತ್ತಿದ್ದವನು ಅವನೇ. ದಿನಾ ಅವಳೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದವನೂ ಅವನೇ! "ಆಂಟಿ ಚೆನ್ನಾಗಿದಾರೆ ಕಣೇ" ಎಂದಿದ್ದ. ಒಂದು ಸಲವಲ್ಲ, ಒಂಬತ್ತು ವಾರ.

ಪಾಸ್‌ಪೋರ್ಟ್ ಸಿಕ್ಕಿ ಅವಳು ಇಲ್ಲಿ ಇಳಿದಾಗ ಅಮ್ಮ ಹೋಗಿ ನಾಲ್ಕು ದಿನವಾಗಿತ್ತು.

"ನನ್ನಮ್ಮನ ಕೊನೇ ಮಾತು ನನಗೆ ಸಿಗದ ಹಾಗೆ ಮಾಡ್ದೆ ನೀನು" ಎಂದು ಅವಳು ಕಿರುಚಿದಾಗ ಶಿವು ಎದುರಾಡಲಿಲ್ಲ. ಒಂದು ಹಾರ್ಡ್ ಡಿಸ್ಕನ್ನು ಮೇಜಿನ ಮೇಲಿಟ್ಟು, "ಕೊನೇವರೆಗೂ ಕೇಳು, ಹಂಸಾ. ಆಮೇಲೆ ಕರೀಬೇಕು ಅನ್ಸಿದ್ರೆ ಕರಿ" ಎಂದಷ್ಟೇ ಹೇಳಿ ಹೋಗಿದ್ದ.

ಅವಳು ಕರೆಯಲಿಲ್ಲ. ಅವನು ಬರಲಿಲ್ಲ.

ಡಿಸ್ಕ್ ಒಂದೂವರೆ ವರ್ಷ ಕಪಾಟಿನಲ್ಲೇ ಇತ್ತು. ಕಳೆದ ಶರತ್ಕಾಲದಲ್ಲಿ ಧೈರ್ಯ ಮಾಡಿ ಅದರಲ್ಲಿದ್ದ ಹದಿನಾಲ್ಕು ಹಾಡುಗಳನ್ನೂ ಕಂಪ್ಯೂಟರಿಗೆ ಹಾಕಿ, ಒಂದಾದ ಮೇಲೊಂದು ಯಾವುದಾದರೂ ಬರುವ ಹಾಗೆ ಬಿಟ್ಟು ಅಡುಗೆ ಮಾಡುತ್ತ ಕೇಳತೊಡಗಿದಳು. ಎದುರಿಗೆ ಕೂತು ಕೇಳುವ ಶಕ್ತಿ ಇನ್ನೂ ಬಂದಿರಲಿಲ್ಲ.

ಮೂರನೇ ದಿನ ಪಾತ್ರೆ ತೊಳೆಯುತ್ತಿದ್ದಾಗ ಕೇಳಿಸಿತು. ಒಂದು ಹಾಡಿನ ಆಲಾಪನೆ ಶುರುವಾಗುತ್ತಿದ್ದ ಹಾಗೆ, ಅದರಡಿಯಿಂದ ಎಲ್ಲೋ ದೂರದಿಂದ ಬಂದ ಹಾಗೆ...

"ಹಂಸಾ..."

ಅಮ್ಮನ ದನಿ! ಕೈಯಲ್ಲಿದ್ದ ಲೋಟ ಸಿಂಕಿಗೆ ಬಿತ್ತು. ಓಡಿಬಂದು ಅದೇ ಹಾಡನ್ನು ಮತ್ತೆ ಹಾಕಿದಳು. ಇಲ್ಲ. ಹತ್ತು ಸಲ ಹಾಕಿದಳು. ಬರೀ ಹಾಡು. ಎರಡು ದಿನ ಬಿಟ್ಟು ಬೇರೆ ಹಾಡಿನಡಿಯಲ್ಲಿ ಮತ್ತೆ ಅದೇ ಪಿಸುಮಾತು. ಹುಡುಕಿದರೆ ಅಲ್ಲೂ ಇಲ್ಲ.

ಆಮೇಲೆ ಅವಳು ಬೇಸ್‌ಮೆಂಟಿಗೆ ಇಳಿಯುವುದನ್ನೇ ಬಿಟ್ಟಳು. ಅಲ್ಲಿ ಅಮ್ಮನ ತಂಬೂರಿ ಹಳೇ ರೇಷ್ಮೆ ಸೀರೆ ಸುತ್ತಿಕೊಂಡು ಮೂಲೆಗೆ ಒರಗಿ ನಿಂತಿದೆ. ಹೀಟರ್ ಹೊತ್ತಿಕೊಂಡಾಗಲೆಲ್ಲ ಅದರ ತಂತಿ ಮಿಡಿದ ಹಾಗೆ ಅನ್ನಿಸುತ್ತಿತ್ತು. ಅಮ್ಮ ಏನೋ ಹೇಳಬೇಕೆಂದು ಒದ್ದಾಡುತ್ತಿದ್ದಾಳೆಯೇ? ಇಲ್ಲ, ನನಗೇ ಹುಚ್ಚು ಹಿಡಿಯುತ್ತಿದೆಯೇ? ಎರಡರಲ್ಲೊಂದು ಇವತ್ತು ತಿಳಿಯಲೇಬೇಕಿತ್ತು.

"ಈಗಿರೋ ಪ್ಲೇಯರ್‌ಗೆ ಏನಾಗಿದೆ?" ಶಿವು ಡೈನಿಂಗ್ ಟೇಬಲ್ ಮುಂದೆ ಕೂತು ಕೇಳಿದ.

"ಕ್ವಾಲಿಟಿ ಸರಿಯಿಲ್ಲ. ಇರೋದೆಲ್ಲ ಇದ್ದ ಹಾಗೇ ಕೇಳಿಸ್ಬೇಕು ನನಗೆ. ಸಣ್ಣ ಉಸಿರೂ ಸಹ."

ಕಂಪ್ಯೂಟರಿನಲ್ಲಿ ಅಮ್ಮನ ಹಾಡುಗಳ ಪಟ್ಟಿ ಕಂಡದ್ದೇ ಅವನ ಮುಖ ಸಣ್ಣದಾಯಿತು.

"ಇದನ್ನ... ಕೇಳಿದ್ಯಾ? ಕೊನೇವರೆಗೂ?"

"ನೂರು ಸಲ ಕೇಳಿದೀನಿ."

"ಓ..." ಶಿವು ಸ್ಕ್ರೀನಿನಿಂದ ಮುಖ ತಿರುಗಿಸಿದ. "ನೂರು ಸಲ ಕೇಳಿದ ಮೇಲೂ... ಸರಿ ಬಿಡು."

'ಏನು ಸರಿ? ತಪ್ಪು ಮಾಡಿದವನು ಇವನು, ನೊಂದುಕೊಂಡವನ ಹಾಗೆ ಕೂರುವವನೂ ಇವನೇ!' ಹಂಸಾಳಿಗೆ ಮೈಯೆಲ್ಲ ಉರಿಯಿತು.

ಅವನು ಮೊದಲೊಂದು ಆ್ಯಪ್ ಹಾಕಿದ. ಸ್ಪೀಕರ್ ತುಂಬ ದುಂಡಗೆ, ದಪ್ಪಗೆ ಹಾಡು ಮೊಳಗಿತು.

"ಇದು ಅಮ್ಮನ ದನಿ ಅಲ್ಲ" ಹಂಸಾ ತಟ್ಟನೆ ಹೇಳಿದಳು. "ಮೇಕಪ್ ಮಾಡಿದ ಹಾಗಿದೆ."

ಅವನ ತುಟಿಯಂಚಿನಲ್ಲಿ ಒಂದು ಎಳೆ ನಗು ಬಂದು ಹೋಯಿತು. "ಸರಿಯಾಗಿ ಹಿಡಿದೆ. ಇದು ತಾನಾಗೇ ದಪ್ಪ ಬೇಸ್ ಸದ್ದು ಸೇರಿಸುತ್ತೆ. ಒಳ್ಳೇ ಪ್ಲೇಯರ್ ಅಂದ್ರೆ ಏನೂ ಸೇರಿಸ್ಬಾರ್ದು, ಏನೂ ಕಳೀಬಾರ್ದು. ಫೈಲಲ್ಲಿ ಇರೋದನ್ನ ತಂದು ಕೈಗೆ ಕೊಟ್ಟು ಪಕ್ಕಕ್ಕೆ ನಿಲ್ಬೇಕು. ಅಷ್ಟೇ ಅದರ ಕೆಲಸ."

ಎರಡನೆಯದು ನೋಡಲು ಏನೂ ಚೆಂದವಿರಲಿಲ್ಲ. ಬೂದು ಬಣ್ಣದ ಕಿಟಕಿ, ನಾಲ್ಕು ಬಟನ್ನು. ಹಾಡು ಶುರುವಾಯಿತು ನೋಡಿ... ಅಮ್ಮ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು! ಪಲ್ಲವಿ ಎತ್ತುವ ಮುಂಚೆ ಎಳೆದುಕೊಂಡ ಉಸಿರು, ತೊಡೆಗೆ ತಟ್ಟಿದ ತಾಳ, ಬಳೆಯ ಸಣ್ಣ ಸದ್ದು, ಎಲ್ಲವೂ ಇತ್ತು. ಹಂಸಾಳ ಕಣ್ಣು ಮಂಜಾಯಿತು.

"ಇದೇ ಇರಲಿ" ಎಂದು ಎದ್ದು ಜಾಕೆಟ್ ಕೈಗೆತ್ತಿಕೊಂಡ ಶಿವು. "ನಾನು ಬರ್ತೀನಿ."

"ಒಂದು ನಿಮಿಷ!" ಅವಳಿಗೇ ಗೊತ್ತಿಲ್ಲದೆ ಕೂಗಿಬಿಟ್ಟಿದ್ದಳು. "ಹೋಗ್ಬೇಡಿ... ಇನ್ನೊಂದಿದೆ. ಹೇಳಿದ್ರೆ ನಗ್ಬಾರ್ದು."

ಹೇಳಿದಳು, ಎಲ್ಲವನ್ನೂ. ಅವನು ನಗಲಿಲ್ಲ. ಹಳೆಯ ಪ್ಲೇಯರಿನಲ್ಲೇ ಹಾಡುಗಳನ್ನು ಬಿಟ್ಟು ಇಬ್ಬರೂ ಎದುರುಬದುರು ಕೂತರು. ಹೊರಗೆ ಬೆಳಕು ಇಳಿಯುತ್ತಿತ್ತು. ಒಂದು ಹಾಡು ಮುಗಿಯುತ್ತ ಬಂತು, ಇನ್ನೊಂದು ಮೇಲೆದ್ದಿತು. ಅದರಡಿಯಲ್ಲಿ ತೆಳ್ಳಗೆ, ಮುಳುಗುತ್ತಿರುವವರ ಹಾಗೆ...

"ಹಂಸಾ..."

"ಕೇಳಿಸ್ತಾ? ನಿಮಗೂ ಕೇಳಿಸ್ತಾ?" ಅವಳು ಎದ್ದು ನಿಂತಿದ್ದಳು.

ಶಿವುಗೂ ಕೇಳಿಸಿತ್ತು. ಆದರೆ ಅವನ ಗಮನ ಇದ್ದದ್ದು ಸ್ಕ್ರೀನಿನ ಮೇಲೆ.

"ಇದಕ್ಕೆ ಮುಂಚೆ ಬಂದ ಹಾಡು ಯಾವ್ದು?"

"ಮುಂಚಿನದು ಯಾಕೆ? ದನಿ ಬಂದಿದ್ದು ಇದ್ರಲ್ಲಿ!"

"ಇಲ್ಲ, ಹಂಸಾ. ಇದ್ರಲ್ಲಿ ಅಲ್ಲ." ಅವನು ಸೆಟ್ಟಿಂಗ್ಸ್ ತೆರೆದ. "ಹಾಡು ಮುಗಿಯೋಕೆ ಹನ್ನೆರಡು ಸೆಕೆಂಡ್ ಇರೋವಾಗ್ಲೇ ಅದನ್ನ ಸಣ್ಣ ಮಾಡಿ, ಅದರ ಮೇಲೆ ಇನ್ನೊಂದು ಹಾಡು ಶುರು ಮಾಡೋ ಹಾಗೆ ಇಟ್ಟಿದೆ ಇಲ್ಲಿ. ಯಾರು ಇಟ್ರು ಇದನ್ನ?"

ಹಂಸಾಳಿಗೆ ತಟ್ಟನೆ ಹೊಳೆಯಿತು. ಧೃತಿಯ ಸೀಮಂತ! ಹಾಡುಗಳ ನಡುವೆ ಗ್ಯಾಪ್ ಬಂದರೆ ಹೆಂಗಸರ ಹರಟೆಯೇ ಜೋರಾಗುತ್ತದೆ ಎಂದು, ಕಳೆದ ಬೇಸಿಗೆಯಲ್ಲಿ ತಾನೇ ಕೈಯಾರೆ ಹಾಗೆ ಮಾಡಿದ್ದಳು. ಆಮೇಲೆ ಮರೆತೇಬಿಟ್ಟಿದ್ದಳು.

"ನಾನೇ..." ಎಂದಳು.

ಶಿವು ನಿಧಾನವಾಗಿ ಕುರ್ಚಿಗೆ ಒರಗಿದ. "ಹಾಗಾದ್ರೆ ನೀನು ಕೇಳೇ ಇಲ್ವಾ? ಎರಡು ವರ್ಷದಿಂದ ನಾನು... ನೀನು ಕೇಳಿದೀಯ, ಕೇಳಿನೂ ನನ್ನ ಬೇಡ ಅಂದಿದೀಯ ಅಂತ... ಅಯ್ಯೋ ದೇವರೇ!"

"ಏನು ಕೇಳ್ಬೇಕಿತ್ತು? ಏನದು?"

ಅವನು ಹೊಸ ಪ್ಲೇಯರಿನಲ್ಲಿ ಆ ಮುಂಚಿನ ಹಾಡನ್ನು ಒಂದೇ ಒಂದಾಗಿ ಹಾಕಿದ. ಅಮ್ಮ ಹಾಡಿದರು. ಹಾಡು ಮುಗಿಯಿತು. ತಂಬೂರಿ ಇಳಿಯಿತು, ಇಳಿಯಿತು, ಕೇಳಿಸದಷ್ಟಾಯಿತು. ಹಂಸಾ ಬಾಯಿ ತೆರೆಯಹೋದಳು. ಅವನು ಅಂಗೈ ಎತ್ತಿ ತಡೆದ, ಥೇಟ್ ಅಮ್ಮನ ಹಾಗೆಯೇ!

ಆಗ ನೆನಪಾಯಿತು ಅವಳಿಗೆ. ತಂಬೂರಿ ಸುಮ್ಮನಾಗುವವರೆಗೆ ಅಮ್ಮ ಮಾತಾಡುವುದಿಲ್ಲ. ಸುಮ್ಮನಾದ ಮೇಲೆ?

ಕೋಣೆಯಲ್ಲಿ ಹೀಟರಿನ ಸದ್ದೊಂದೇ. ಆಮೇಲೆ, ಕಿವಿಯ ಪಕ್ಕದಲ್ಲೇ ಎಂಬಷ್ಟು ಹತ್ತಿರದಿಂದ:

"ಹಂಸಾ... ಊಟ ಆಯ್ತೇನೇ?"

ಅವಳ ಗಂಟಲಿನಿಂದ ಬಂದದ್ದು ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ. ಅಮ್ಮ... ನನ್ನಮ್ಮ!

ಒಂದೊಂದನ್ನೇ ಹಾಕುತ್ತ ಹೋದರು. ಒಂದರ ಕೊನೆಯಲ್ಲಿ "ಚೆನ್ನೈ ಸೆಕೆಗೆ ಮಜ್ಜಿಗೆ ಕುಡಿ", ಇನ್ನೊಂದರಲ್ಲಿ "ಇವತ್ತು ಚರಣ ಮರ್ತೋಯ್ತು, ನಗ್ಬೇಡ". ಒಂದರಲ್ಲಿ ಬರೀ ಹೆಸರು. ಹಾಡಿನಿಂದ ಹಾಡಿಗೆ ಅಮ್ಮನ ಉಸಿರು ಗಿಡ್ಡವಾಗುತ್ತಿತ್ತು. ಹದಿನಾಲ್ಕನೆಯದು ಹಾಡೇ ಅಲ್ಲ, ಹಂಸಾ ಪ್ರತಿ ಸಲ ದಾಟಿಸಿಬಿಡುತ್ತಿದ್ದ ಬರೀ ತಂಬೂರಿ. ಹಾಡುವ ತ್ರಾಣ ಇರಲಿಲ್ಲ. ಅದೂ ನಿಂತ ಮೇಲೆ...

"ಹಂಸಾ, ಶಿವೂನ ಬೈಬೇಡ. ನಿನಗೆ ಹೇಳಕೂಡದು ಅಂತ ನಾನೇ ಆಣೆ ಹಾಕ್ಸಿದ್ದು. ಬರೋಕಾಗ್ದೆ ಅಲ್ಲಿ ಒದ್ದಾಡಿಬಿಡ್ತೀಯ ಅಂತ. ನನ್ನ ತಪ್ಪು ಕಣೇ... ಆ ಹುಡುಗ ದಿನಾ ನಿನ್ನ ಫೋನ್ ಇಟ್ಟು ಅಳ್ತಾನೆ. ಬಿಡ್ಬೇಡ ಅವನ್ನ."

ಟಕ್. ಅಷ್ಟೇ.

ಎರಡು ವರ್ಷ! ಇಷ್ಟು ದಿನ ಮಗಳ ಹೆಸರು ಹಿಡಿದು ಕರೆಯುತ್ತಲೇ ಇದ್ದಳು ತಾಯಿ. ಆ ದನಿಯ ಮೇಲೆ ಇನ್ನೊಂದು ಹಾಡು ಹೊದಿಸಿ ಮುಳುಗಿಸುತ್ತಿದ್ದದ್ದು ತನ್ನದೇ ಕೈ. ಕೊನೇ ಮಾತು ಸಿಗದ ಹಾಗೆ ಮಾಡಿದ ಎಂದು ದೂರಿದ್ದು ಯಾರನ್ನು? ಅದನ್ನು ಒಂದೊಂದಾಗಿ ಕೂಡಿಟ್ಟು ಕೈಗೆ ಕೊಟ್ಟವನನ್ನು!

ಹಂಸಾ ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು. ಶಿವು ಮುಟ್ಟಲೋ ಬೇಡವೋ ಎಂದು ಒದ್ದಾಡಿ, ಕೊನೆಗೆ ಅವಳ ತಲೆಯ ಮೇಲೆ ಕೈಯಿಟ್ಟ.

"ಬಾಯಿ ಬಿಟ್ಟು ಒಂದು ಮಾತು ಹೇಳೋಕೆ ಏನಾಗಿತ್ತೋ ನಿನಗೆ?" ಅವಳು ತಲೆ ಎತ್ತದೆಯೇ ಕೇಳಿದಳು. "ಅಮ್ಮಂದೇ ಆಣೆ ಅಂತ ಹೇಳ್ಬಹುದಿತ್ತಲ್ಲ!"

"ಆಗ ನೀನು ಅವರ ಮೇಲೆ ಕೋಪ ಮಾಡ್ಕೋತಿದ್ದೆ. ಹೋದವರ ಮೇಲೆ ಕೋಪ ಬಂದ್ರೆ ತೀರಿಸ್ಕೊಳ್ಳೋಕೆ ಜಾಗ ಇರಲ್ಲ, ಹಂಸಾ. ನಾನು ಬದುಕಿದ್ನಲ್ಲ... ನನ್ನ ಮೇಲೇ ಇರ್ಲಿ ಅಂದ್ಕೊಂಡೆ."

ಇಂಥವನಿಗೆ ಏನು ಹೇಳುವುದು ಹೇಳಿ!

ಅವಳು ಎದ್ದು ಅವನ ಕೈ ಹಿಡಿದುಕೊಂಡಳು. ಇಬ್ಬರೂ ಬೇಸ್‌ಮೆಂಟಿಗೆ ಇಳಿದರು. ತಿಂಗಳುಗಳಿಂದ ಹೆದರಿಸಿದ್ದ ಆ ಮೂಲೆಯಲ್ಲಿ ಅವಳು ಸೀರೆ ಸರಿಸಿ ತಂಬೂರಿಯ ತಂತಿಯನ್ನು ಒಮ್ಮೆ ಮೀಟಿದಳು. ಶ್ರುತಿ ತಪ್ಪಿತ್ತು. ಆದರೂ ಆ ನಾದ ಕೋಣೆ ತುಂಬಿತು.

"ಹಂಸಾ, ನಾನು..." ಎಂದ ಶಿವು.

"ಶ್ಶ್!" ಅಂಗೈ ಎತ್ತಿದಳು ಅವಳು.

ಅವನು ಬಾಯಿ ಮುಚ್ಚಿಕೊಂಡ. ತಂತಿ ತನ್ನ ಪಾಡಿಗೆ ತಾನು ಸಣ್ಣದಾಗುತ್ತ, ಸಣ್ಣದಾಗುತ್ತ, ಪೂರ್ತಿ ಸುಮ್ಮನಾಯಿತು. ಇಬ್ಬರೂ ಕಾದರು.

"ಶಿವು..." ಎಂದಳು ಆಮೇಲೆ. "ಊಟ ಆಯ್ತೇನೋ?"

ಅವನ ಕಣ್ಣು ತುಂಬಿ ಬಂತು.

"ಇಲ್ಲ ಕಣೇ."

"ಬಾ, ಸಾರು ಬಿಸಿ ಮಾಡ್ತೀನಿ. ಇನ್ನು ಹೋಗೋ ಮಾತಾಡ್ಬೇಡ."