ಕೊಟ್ಟೂರಪ್ಪನನ್ನು ಹೋಳಿಗೆ ಊಟಕ್ಕೆ ಕರೆದದ್ದು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಸಾವಂತ್ರಮ್ಮ ಬಳ್ಳಾರಿಯ ಠಾಣೆಗೆ ದೂರು ತಂದರು. ಕಂಟೋನ್ಮೆಂಟಿನಲ್ಲಿ ಅವರು ಕೊಂಡ ಮನೆಗೆ ಶುಕ್ರವಾರ ಗೃಹಪ್ರವೇಶ. ಅಷ್ಟರಲ್ಲಿ ಹಳೆಯ ಆಸ್ತಿ ತೆರಿಗೆ ಕಟ್ಟಿ, ಇಲ್ಲವೇ ಜಪ್ತಿ ಎಂಬ ನೋಟಿಸ್ ಬಾಗಿಲಿಗೆ ಅಂಟಿತ್ತು.

"ಮಾರಿದ ಕೊಟ್ಟೂರಪ್ಪ ಎಲ್ಲಾ ಕಟ್ಟೀನಿ ಅಂತ ರಶೀದಿ ಕೊಟ್ಟಾನ್ರಿ. ಅದು ಖೋಟಾ ಅಂತಾರ ಪಾಲಿಕಿಯವರು. ಇದ್ದದ್ದೆಲ್ಲಾ ಮನೀಗೆ ಸುರಿದೀನಿ, ಜಪ್ತಿ ಆದ್ರ ಎಲ್ಲಿಗೆ ಹೋಗ್ಲಿ?"

ಇನ್‌ಸ್ಪೆಕ್ಟರ್ ಅಂಜನಾ ಎಫ್‌ಐಆರ್ ದಾಖಲಿಸಿ, ಪಂಚನಾಮೆ ಮಾಡಿ ರಶೀದಿಯನ್ನು ವಶಕ್ಕೆ ಪಡೆದರು. ಕಾನ್‌ಸ್ಟೆಬಲ್ ಕರಿಬಸವನೊಡನೆ ಸಿರುಗುಪ್ಪಕ್ಕೆ ಹೋದರೆ ಕೊಟ್ಟೂರಪ್ಪನ ಬಾಡಿಗೆ ಮನೆಗೆ ಬೀಗ.

"ಕುರುಗೋಡಿಗೆ, ಮಗಳ ಮನೀಗೆ ಹೋಗ್ಯಾರ್ರಿ," ಎಂದರು ಪಕ್ಕದ ಮನೆಯ ಗಾದೆಮ್ಮ.

"ಜೀಪ್ ಕಂಡ್ರ ಹೊಲದಾಗ ಓಡ್ತಾನ್ರಿ, ಮೇಡಂ," ಎಂದ ಕರಿಬಸವ.

"ಹಂಗಾರ ಊಟಕ್ಕ ಕರೆಯೋಣ," ಎಂದರು ಅಂಜನಾ.

ಮನೆ ಮಾರಿದವರನ್ನು ಮೊದಲ ಪಂಕ್ತಿಯಲ್ಲಿ ಕೂರಿಸುವುದು ಸಾವಂತ್ರಮ್ಮನ ಮನೆತನದ ಪದ್ಧತಿ. ಮರುದಿನ ಅವರೇ ಬಸ್ಸು ಹತ್ತಿ ಕುರುಗೋಡಿಗೆ ಹೋಗಿ, ಕೊಟ್ಟೂರಪ್ಪನ ಹೆಂಡತಿ ಕೊಟ್ರಮ್ಮನಿಗೆ ಕುಂಕುಮ ಹಚ್ಚಿ ಕರೆದು ಬಂದರು. ಪಾಪ, ಆಕೆಗೆ ಏನೂ ಗೊತ್ತಿರಲಿಲ್ಲ. ಕುಂಕುಮ ಹಚ್ಚಿ ಕರೆದ ಮನೆಗೆ ಹೋಗದಿರುವುದುಂಟೇ? ಒಲ್ಲೆ ಎನ್ನಲು ಕೊಟ್ಟೂರಪ್ಪನಿಗೆ ಹೆಂಡತಿಯ ಮುಂದೆ ಹೇಳಬಹುದಾದ ಕಾರಣ ಒಂದೂ ಸಿಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಪಂಚೆ ಉಟ್ಟ ಕರಿಬಸವ ಹೋಳಿಗೆ ಬಡಿಸುತ್ತಿದ್ದ.

"ಇನ್ನೊಂದು?"

"ಸಾಕಪ್ಪಾ."

"ಹಾಕಿಸ್ಕೊಳ್ರಿ. ಠಾಣೆಯಾಗ ಹೋಳಿಗಿ ಇರಂಗಿಲ್ಲ."

ಕೊಟ್ಟೂರಪ್ಪನ ಕೈ ಎಲೆಯ ಮೇಲೇ ನಿಂತಿತು. ಊಟ ಮುಗಿಸಲು ಬಿಟ್ಟ ಮೇಲೆ ಅಂಜನಾ ಹಿತ್ತಿಲಲ್ಲಿ ವಿಚಾರಿಸಿದರು.

"ರಶೀದಿ ಯಾರು ಮಾಡಿದ್ರು?"

"ನಾನ ರೀ. ಹಳೇದನ್ನ ತಿದ್ದಿ ಜೆರಾಕ್ಸ್ ಮಾಡಿಸಿದ್ನಿ."

"ತೆರಿಗಿ ರೊಕ್ಕ?"

ಆತ ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಿವಿ ನೋಡಿದ. ಹೊಸ ಬೆಂಡೋಲೆ ಹೊಳೆಯುತ್ತಿದ್ದವು. ಈ ಮನೆ ಕಟ್ಟುವಾಗ ಆಕೆಯ ಹಳೆಯ ಬೆಂಡೋಲೆ ಮಾರಿದ್ದ.

ಮಧ್ಯಾಹ್ನ ಎರಡೂಕಾಲು ಗಂಟೆಗೆ ದಸ್ತಗಿರಿಯಾಯಿತು. ಕೊಟ್ರಮ್ಮ ಬೆಂಡೋಲೆ ಬಿಚ್ಚಿ ಸೆರಗಿಗೆ ಕಟ್ಟಿಕೊಂಡರು.

"ಇವನ್ನ ಮಾರಿ ಇವತ್ತ ಬಾಕಿ ಕಟ್ತೀನಿ, ತಂಗೀ. ನಿನ್ನ ಮನೀಗೆ ಯಾರೂ ಕೈ ಹಚ್ಚಂಗಿಲ್ಲ."

ಸಾವಂತ್ರಮ್ಮನಿಗೆ ಖುಷಿ ತಡೆಯಲಾಗಲಿಲ್ಲ. ಅಲ್ಲೇ ಆಕೆಯ ಉಡಿ ತುಂಬಿದರು. ಕೊಟ್ರಮ್ಮ ತುಂಬಿದ ಉಡಿ ಹಿಡಿದು ಜೀಪಿನ ಬಳಿ ಬಂದರು.

"ಏನ್ರಿ, ನಾ ಯಾವತ್ತರ ಬೆಂಡೋಲಿ ಕೇಳಿದ್ನೇನು?"

"ಕೇಳ್ಲಿಲ್ಲ," ಎಂದ ಕೊಟ್ಟೂರಪ್ಪ. "ಅದಕ್ಕ."

ಕೊಟ್ರಮ್ಮ ಬೈಯಲೆಂದೇ ಬಾಯಿ ತೆರೆದವರು, ಬರಿಗಿವಿಯಲ್ಲಿ ನಿಂತು ನಕ್ಕುಬಿಟ್ಟರು.