ಏಳನೆಯ ಪೀಪಾಯಿ

ವೈನಿನ ಲೇಬಲ್ಲಿನ ಮೇಲೆ ತಿಬೋನ ಹೆಸರು! ವಾರ ಕಳೆದರೂ ಅನ್ಸೆಲ್ಮ್‌ನ ಹೊಟ್ಟೆಯ ಉರಿ ಆರಿರಲಿಲ್ಲ. ‘ಕುಂಟಕುರಿ’ ತೋಟದ ಶಾರ್ಡನೇ ದ್ರಾಕ್ಷಿ ಬಳ್ಳಿಗಳನ್ನು ಎಪ್ಪತ್ತು ವರ್ಷದ ಹಿಂದೆ ನೆಟ್ಟವನು ಅವನ ಅಪ್ಪ. ಮೂವತ್ತೆಂಟು ಚಳಿಗಾಲ ಅವುಗಳ ಮುಂದೆ ಮಂಡಿಯೂರಿ ಕಡ್ಡಿ ಸವರಿದವನು ತಾನು. ಒಡತಿ ಮದಾಮ್ ಕ್ಲೋತಿಲ್ಡ್ ಮಾತ್ರ, ಪ್ಯಾರಿಸ್ಸಿನಿಂದ ಹೊಳೆಯುವ ಬೂಟು ಹಾಕಿಕೊಂಡು ಬರುವ ಅಣ್ಣನ ಮಗ ತಿಬೋನ ಹೆಸರು ಅಚ್ಚು ಹಾಕಿಸಿದ್ದಳು.

“ಒಂದೇ ಒಂದು ಪೀಪಾಯಿ ಅಪ್ಪನ ಹೆಸರಲ್ಲಿ ತುಂಬ್ಸೋಣ, ಮದಾಮ್,” ಎಂದು ಕೇಳಿದ್ದ.

“ಅಯ್ಯೋ ಮಾರಾಯ, ಬಳ್ಳಿ ನೆಟ್ಟೋರ ಹೆಸರೆಲ್ಲ ಬರೀತಾ ಹೋದ್ರೆ ಬಾಟ್ಲಿ ಹೋಗಿ ಗೋರಿಕಲ್ಲಾಗತ್ತೆ!” ಎಂದು ಆಕೆ ನಕ್ಕಿದ್ದಳು.

ಕೇಳಿದರೆ ಸಿಗದ್ದನ್ನು ಕೇಳದೆ ತೆಗೆದುಕೊಳ್ಳುವುದೆಂದು ಅಂದೇ ನಿಶ್ಚಯಿಸಿದ. ‘ಕುಂಟಕುರಿ’ಯ ಹನ್ನೆರಡು ಪೀಪಾಯಿಗಳಲ್ಲಿ ಏಳನೆಯದರ ವೈನು ತನ್ನ ಮನೆಗೆ, ತನ್ನ ತುಂಡು ನೆಲದ ಎಳೆ ಬಳ್ಳಿಗಳ ವೈನು ಈ ಪೀಪಾಯಿಗೆ. ಅದೂ ಶಾರ್ಡನೇಯೇ, ಅದೇ ವರ್ಷದ್ದೇ. ಆ ತುಂಡು ನೆಲವನ್ನು ತನ್ನ ಮದುವೆಗೆ ಉಡುಗೊರೆ ಕೊಟ್ಟವಳು ಮದಾಮೇ ಎಂಬುದನ್ನು ನೆನೆಯದಿರಲು ನೋಡಿದ. ಹಿಡಿಯುವವರಾದರೂ ಯಾರು? ತಿಬೋಗೆ ಲೇಬಲ್ ಓದದೆ ರುಚಿ ಹೇಳಲು ಬಾರದು. ಇಡೀ ಬೆಟ್ಟವೇ ಅಂಜುತ್ತಿದ್ದ ಮದಾಮಳ ಮೂಗು, ನಾಲಿಗೆ ಮೂರು ವರ್ಷದ ಹಿಂದಿನ ಜ್ವರದಲ್ಲಿ ಹೋಗಿದ್ದವು.

ಏಪ್ರಿಲ್‌ನ ಭಾನುವಾರ, ಆಕೆ ಇಗರ್ಜಿಗೆ ಹೋದೊಡನೆ ಪಂಪು ಹಚ್ಚಿದ. ತಳದ ಗಷ್ಟನ್ನೂ ಬಿಡದೆ ಅದಲುಬದಲು ಮಾಡಿದ. ಬಾಯಿಮಟ್ಟ ತುಂಬಿ, ಬಿರಡೆ ಒರೆಸಿ, ಕೊಳವೆ ತೊಳೆದಿಟ್ಟ. ಎರಡನ್ನೂ ಸವಿದ. ಹಳೆಯ ಬಳ್ಳಿಯದು ಮೊದಲು ಬಿಗುಮಾನದಿಂದ ಸುಮ್ಮನಿದ್ದು, ಆಮೇಲೆ ಒದ್ದೆ ಕಲ್ಲು, ನಿಂಬೆಸಿಪ್ಪೆ, ಉಪ್ಪು ಎಂದು ಒಂದೊಂದೇ ಬಿಚ್ಚಿ, ಗೇಟಿನ ತನಕ ನಡೆದರೂ ಬಾಯಲ್ಲೇ ಉಳಿಯಿತು. ತನ್ನದು ಪೇರುಹಣ್ಣಿನಂತೆ ಸಿಹಿಯಾಗಿ ನಕ್ಕು ಓಡಿಹೋಯಿತು. ನುಂಗುವಾಗ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಮದಾಮ್ ಲೋಟ ಹಿಡಿದು ನೆಲಮಾಳಿಗೆಗೆ ಬಂದಳು. “ಏಳನೇದು ಹೇಗಿದೆಯೋ? ನಿನ್ನ ನಾಲಿಗೇನೇ ಈಗ ನನ್ನ ನಾಲಿಗೆ.”

“ಕಲ್ಲು, ನಿಂಬೆಸಿಪ್ಪೆ... ಉಪ್ಪು,” ಎಂದ.

“ನೀನಿಲ್ದಿದ್ರೆ ನನ್ನ ಗತಿಯೇನಪ್ಪ!” ಎಂದು ಬೆನ್ನು ತಟ್ಟಿದಳು. ಕಾಲಿಗೆ ಬಿದ್ದು ಎಲ್ಲ ಹೇಳಿಬಿಡಲೇ ಅನ್ನಿಸಿತು ಅವನಿಗೆ.

ಅಷ್ಟರಲ್ಲಿ ಆಕೆ ಬಗ್ಗಿ ಪೀಪಾಯಿಗೆ ಕಿವಿಯಾನಿಸಿದಳು. “ಮೂಗು ಹೋದ್ಮೇಲೆ ದಿನಾ ಕಿವೀಲೇ ಕುಡೀತೀನಿ ಕಣೋ. ನೀನೂ ಕೇಳು, ಪಿಸುಗುಡ್ತಿದೆಯಾ?” ಟ್ರ್ಯಾಕ್ಟರಿನ ಸದ್ದಿಗೆ ಅವನ ಕಿವಿ ಮಂದವಾಗಿ ಹತ್ತು ವರ್ಷವಾಗಿತ್ತು. ಆದರೂ ಕಿವಿಯಿಟ್ಟು, “ಚೆನ್ನಾಗಿ ಪಿಸುಗುಡ್ತಿದೆ, ಮದಾಮ್,” ಎಂದ. ಈ ತಣ್ಣನೆಯ ಮಾಳಿಗೆಯಲ್ಲಿ ವೈನು ಚಳಿಗಾಲವಿಡೀ ಮಲಗಿ ವಸಂತದಲ್ಲಷ್ಟೇ ಮತ್ತೆ ಹುದುಗಿ ಗುಳ್ಳೆಯೊಡೆಯುತ್ತದೆ. ಉಳಿದ ಹನ್ನೊಂದೂ ಪೀಪಾಯಿಗಳು ಆಗ ಪಿಸುಗುಡುತ್ತಲೇ ಇದ್ದವು. ತನ್ನ ಬೆಚ್ಚಗಿನ ಕೊಟ್ಟಿಗೆಯ ವೈನು ಕ್ರಿಸ್‌ಮಸ್ಸಿಗೇ ಆ ಗುಳ್ಳೆಯ ಪಿಸುಮಾತು ಮುಗಿಸಿತ್ತೆಂಬುದು ಅವನಿಗೆ ಹೊಳೆದದ್ದು ಆಕೆಯ ಮುಖ ನೋಡಿದಾಗ. “ಶನಿವಾರ ಹಾಡ್ತಿತ್ತು, ಅನ್ಸೆಲ್ಮ್. ಇವತ್ತು ಉಸಿರೇ ಇಲ್ಲ,” ಎಂದಳು ಮದಾಮ್ ಮೆಲ್ಲಗೆ. “ಎಲ್ಲಿಟ್ಟಿದ್ದೀಯ ಅದನ್ನ?”